ಒಂದು ಕಲ್ಲು, ಹಲವು ಗುರುತು: ರಾಯದುರ್ಗ–ಮಡಕಶಿರ ಶಾಸನಗಳ ನೆಲೆಯಲ್ಲಿ ವಿಸ್ತರಣಶೀಲ ಭಾಷೆಗಳ ಚರಿತ್ರೆ

ಹೇಮಾವತಿ ಇಂದು ಆಂಧ್ರಪ್ರದೇಶದ ಮಡಕಶಿರ ಸೀಮೆಯ ಅಮರಾಪುರಂ ಮಂಡಲಕ್ಕೆ ಸೇರಿದ ಒಂದು ಹಳ್ಳಿ. ಕರ್ನಾಟಕದ ಶಿರಾ ತಾಲೂಕಿನ ಎಲ್ಲೆ ಅದಕ್ಕೆ ದೂರವಲ್ಲ. ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದ ನೊಳಂಬ ಪಲ್ಲವರಿಗೆ ಇದೇ ರಾಜಧಾನಿಯಾಗಿತ್ತು. ಆಗ ಇದರ ಹೆಸರು ಹೆಂಜೇರು. ಅದಕ್ಕೂ ಹಿಂದಿನ ರೂಪ ಪೆಂಜೇಱು. ಪಕಾರ ಹಕಾರವಾದದ್ದು, ಶಕಟರೇಫವು ಸಾಮಾನ್ಯ ರೇಫದಲ್ಲಿ ಬೆರೆತದ್ದು, ಕೊನೆಗೆ ಹೆಸರೇ ಬದಲಾದದ್ದು – ಕನ್ನಡ ಭಾಷಾಚರಿತ್ರೆಯ ಒಂದು ಅಧ್ಯಾಯವೇ ಈ ಊರಿನ ಹೆಸರಿನಲ್ಲಿ ಅಡಗಿದೆ. ಅಲ್ಲಿಂದ ಉತ್ತರಕ್ಕಿರುವ ರಾಯದುರ್ಗದ ಸ್ಥಿತಿಯೂ ಇಂಥದೇ. ಕನ್ನಡ ಶಾಸನಗಳು, ಜೈನ ನಿಷಿಧಿಗಳು, ವಿಜಯನಗರ ಕಾಲದ ಕೋಟೆ, ಇಂದಿಗೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಹಳ್ಳಿಗಳು, ಅವುಗಳ ನಡುವೆ ತೆಲುಗಿನ ಆಡಳಿತ ಮತ್ತು ವ್ಯವಹಾರ.

ಈ ಎರಡು ಸೀಮೆಗಳ ಶಾಸನಗಳನ್ನು ಗಣಕಯಂತ್ರಕ್ಕೆ ಒಪ್ಪಿಸುವ ಕಾರ್ಯ ಮೇಲ್ನೋಟಕ್ಕೆ ಬರಿಯ ಬೆರಳಚ್ಚಿನ ಕೆಲಸದಂತೆ ಕಾಣುತ್ತದೆ. ಆದರೆ ಬರೆಹವನ್ನು ಒಪ್ಪಿಸುವಾಗಲೇ 'ಇದು ಏನು?' ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ಇದು ಊರ ಹೆಸರೇ, ವ್ಯಕ್ತಿಯ ಹೆಸರೇ? ಈ ಸಾಲು ಕನ್ನಡವೇ, ಸಂಸ್ಕೃತವೇ, ತೆಲುಗೇ? ಈ ಅಕ್ಷರ ಕಲ್ಲಿನಲ್ಲಿ ಇದೆಯೇ, ಸಂಪಾದಕರ ಊಹೆಯೇ? ಇಂಥ ಉತ್ತರಗಳನ್ನು ಬರೆಹದ ಒಳಗೇ ದಾಖಲಿಸಲು ಹುಟ್ಟಿದವು ಗುರುತುಭಾಷೆಗಳು, ಅಂದರೆ ಮಾರ್ಕಪ್ ಭಾಷೆಗಳು. ಬಳಸುವವರೇ ಹೊಸ ಗುರುತುಗಳನ್ನು ಸೇರಿಸಿ ಬೆಳೆಸಬಲ್ಲ ಗುರುತುಭಾಷೆಗಳು ವಿಸ್ತರಣಶೀಲವಾದವು. ಈ ಗುಣ ಗಡಿನಾಡಿನ ಶಾಸನಗಳಿಗೆ ಏಕೆ ಅಗತ್ಯವೆಂಬುದನ್ನು ಅರಿಯಲು ಮೊದಲು ಮುದ್ರಿತ ಸಂಪುಟಗಳು ಅವುಗಳನ್ನು ಹೇಗೆ ವಿಂಗಡಿಸಿದವು ಎಂಬುದನ್ನು ನೋಡಬೇಕು.

ಸಂಪುಟಗಳ ಶೀರ್ಷಿಕೆಗಳು

ಮದರಾಸು ಆಧಿಪತ್ಯದಲ್ಲಿ ಹುಲ್ಷ್ ಅವರು 1886ರಲ್ಲಿ ಶಾಸನತಜ್ಞರಾಗಿ ನೇಮಕಗೊಂಡ ಮೇಲೆ ಶಾಸನಗಳ ಕ್ರಮಬದ್ಧ ಸಂಗ್ರಹ ಆರಂಭವಾಯಿತು. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಮೊದಲ ಸಂಪುಟ 1890ರಲ್ಲಿ ಪ್ರಕಟವಾಯಿತು. ಮದರಾಸು ಆಧಿಪತ್ಯದ ಕನ್ನಡ ಶಾಸನಗಳಿಗೆಂದೇ ಮೀಸಲಾದ 9ನೆಯ ಸಂಪುಟದ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಅವರು ಸಂಪಾದಿಸಿದರು. ಅದು 1939ರಲ್ಲಿ ಹೊರಬಂದಿತು. ತೆಲುಗು ಶಾಸನಗಳ 10ನೆಯ ಸಂಪುಟ 1948ರಲ್ಲಿ ಬಂದಿತು. ಹೀಗೆ ಭಾಷೆಗೊಂದು ಸಂಪುಟ, ಸಂಪುಟದೊಳಗೆ ರಾಜವಂಶಕ್ಕೊಂದು ಶೀರ್ಷಿಕೆ, ಶಾಸನದ ತಲೆಯಲ್ಲಿ ಊರು, ತಾಲೂಕು ಮತ್ತು ಜಿಲ್ಲೆ ಎಂಬ ಕ್ರಮ ನೆಲೆಗೊಂಡಿತು. ಗಡಿನಾಡಿನ ಕನ್ನಡ ಶಾಸನಗಳು ವಿದ್ವಲ್ಲೋಕಕ್ಕೆ ಪರಿಚಿತವಾದದ್ದು ಬಹುಮಟ್ಟಿಗೆ ಈ ಸಂಪುಟಗಳಿಂದಲೇ. ಆ ಉಪಕಾರ ದೊಡ್ಡದು.

ಆದರೂ ಮುದ್ರಿತ ಪುಸ್ತಕಕ್ಕೆ ಒಂದು ಮಿತಿಯಿದೆ. ಒಂದು ಶಾಸನ ಒಂದೇ ಪುಟದಲ್ಲಿ, ಒಂದೇ ಶೀರ್ಷಿಕೆಯ ಅಡಿಯಲ್ಲಿ ಇರಬೇಕು. ಮಡಕಶಿರ ಸೀಮೆಯ ಪಾತಶಿವರಂನ 1185ರ ಶಾಸನವನ್ನು ಗಮನಿಸಬಹುದು. ಕುಂದಕುಂದರ ನಿಯಮಸಾರಕ್ಕೆ ತಾತ್ಪರ್ಯವೃತ್ತಿಯನ್ನು ಬರೆದ ಪದ್ಮಪ್ರಭ ಮಲಧಾರಿದೇವರ ನಿಧನವನ್ನು ಅದು ದಾಖಲಿಸುತ್ತದೆ. ಕಾಲ ಕಲ್ಯಾಣದ ಚಾಲುಕ್ಯ ನಾಲ್ಕನೆಯ ಸೋಮೇಶ್ವರನದು. ಆ ನಾಡನ್ನು ಹೆಂಜೇರಿನಿಂದ ಆಳುತ್ತಿದ್ದವನು ಚೋಳ ಮನೆತನದ ಭೋಗದೇವ. ಇದು ಚಾಲುಕ್ಯ ಶಾಸನವೇ, ನಿಡುಗಲ್ಲು ಚೋಳರ ಶಾಸನವೇ, ಜೈನ ಸಾಹಿತ್ಯಚರಿತ್ರೆಯ ಆಕರವೇ? ಮೂರೂ ಹೌದು. ಪುಸ್ತಕ ಮಾತ್ರ ಒಂದನ್ನು ಮುಂದಿಟ್ಟು ಉಳಿದವನ್ನು ಅನುಕ್ರಮಣಿಕೆಗೆ ಬಿಡುತ್ತದೆ. ನಿಡುಗಲ್ಲು ದುರ್ಗವಿರುವ ಪಾವಗಡ ತಾಲೂಕು ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ, ಅಲ್ಲಿಯ ಶಾಸನಗಳು 1904ರ 'ಎಪಿಗ್ರಾಫಿಯ ಕರ್ನಾಟಿಕ'ದ 12ನೆಯ ಸಂಪುಟದಲ್ಲಿವೆ. ಒಂದೇ ಮನೆತನದ ದಾಖಲೆಗಳು ಆಡಳಿತದ ಎಲ್ಲೆಯ ಕಾರಣದಿಂದ ಎರಡು ಮಾಲೆಗಳಿಗೆ ಹಂಚಿಹೋದವು.

ಜಿಲ್ಲೆಯ ಹೆಸರಿನ ತೊಡಕು ಇದಕ್ಕಿಂತ ಗಂಭೀರ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆ ರಚನೆಯಾದಾಗ ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗ ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು. ಆದೋನಿ, ಆಲೂರು ಮತ್ತು ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ರಾಯದುರ್ಗ ಅನಂತಪುರ ಜಿಲ್ಲೆಗೆ ಬಂದಿತು. 2022ರ ಏಪ್ರಿಲ್ 4ರಂದು ಆಂಧ್ರಪ್ರದೇಶದ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಪರಿಣಾಮವಾಗಿ, ಹಳೆಯ ಸಂಪುಟದಲ್ಲಿ 'ಅನಂತಪುರ' ಎಂದು ಹುಡುಕುವವರಿಗೆ ರಾಯದುರ್ಗ ಸಿಗದು. ಇಂದಿನ ಪಟ್ಟಿಯಲ್ಲಿ ಹಾಗೆ ಹುಡುಕುವವರಿಗೆ ಮಡಕಶಿರ ಸಿಗದು. ಕಲ್ಲುಗಳು ನಿಂತಲ್ಲಿಯೇ ಇವೆ, ಅವುಗಳ ವಿಳಾಸ ಬದಲಾಗುತ್ತಿದೆ. ಎಲ್ಲೆ ಬದಲಾದಾಗಲೆಲ್ಲ ಒಂದು ಸಮುದಾಯದ ಪೂರ್ವದಾಖಲೆಗಳು ಕಣ್ಮರೆಯಾಗುವ ಸಂಭವವಿದೆ.

ಬೆಳೆಸಬಲ್ಲ ಭಾಷೆಯ ಕಲ್ಪನೆ

ಪಠ್ಯದ ಒಳಗೇ ಪಠ್ಯದ ಬಗೆಗಿನ ಸೂಚನೆಗಳನ್ನು ಇಡುವ ಕ್ರಮ ಭಾರತೀಯ ವ್ಯಾಕರಣ ಪರಂಪರೆಗೆ ಹೊಸದಲ್ಲ. ಪಾಣಿನಿಯ ಅನುಬಂಧಗಳು ಉಚ್ಚಾರಣೆಗಾಗಿ ಇರುವ ವರ್ಣಗಳಲ್ಲ; ಅವು ಕಾರ್ಯಸೂಚಕ ಗುರುತುಗಳು. 'ಕ್ತ' ಪ್ರತ್ಯಯದ ಕಕಾರ ಇತ್ಸಂಜ್ಞೆಯನ್ನು ಪಡೆದು ಲೋಪವಾಗುತ್ತದೆ. ಆದರೆ ಲೋಪವಾಗುವ ಮುನ್ನ ಗುಣವನ್ನು ತಡೆಯಬೇಕೆಂದು ಹೇಳಿರುತ್ತದೆ. ಆದ್ದರಿಂದ 'ಕೃ' ಧಾತುವಿಗೆ ಅದು ಸೇರಿದಾಗ 'ಕೃತ' ಎಂದಾಗುತ್ತದೆ. ಆ ಗುರುತಿಲ್ಲದ 'ತೃಚ್' ಸೇರಿದಾಗ 'ಕರ್ತೃ' ಎಂದಾಗುತ್ತದೆ. ಓದುಗನಿಗೆ ಕಾಣದೆ ಪ್ರಕ್ರಿಯೆಗೆ ಮಾತ್ರ ಕಾಣುವ ಗುರುತು ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ. ಆಧುನಿಕ ಗುರುತುಭಾಷೆಗಳು ಇದರಿಂದ ಹುಟ್ಟಿದವೆಂದು ಇದರ ಅರ್ಥವಲ್ಲ. ಸಮಸ್ಯೆ ಸಮಾನವಾಗಿದ್ದುದರಿಂದ ಪರಿಹಾರದ ಬಗೆಯೂ ಹೋಲುತ್ತದೆ.

ಗಣಕವಿಜ್ಞಾನದಲ್ಲಿ ವಿಸ್ತರಣಶೀಲತೆಯ ಚಿಂತನೆ ಮೊದಲು ಕ್ರಮವಿಧಿ ಭಾಷೆಗಳಲ್ಲಿ, ಅಂದರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬೆಳೆಯಿತು. ಡಗ್ಲಸ್ ಮ್ಯಾಕ್‌ಇಲ್‌ರಾಯ್ 1960ರಲ್ಲಿ, ಭಾಷೆಯೊಂದನ್ನು ಬಳಸುವವರೇ ಮ್ಯಾಕ್ರೋಗಳ ಮೂಲಕ ಅದಕ್ಕೆ ಹೊಸ ಆಜ್ಞೆಗಳನ್ನು ಕೂಡಿಸುವ ವಿಧಾನವನ್ನು ವಿವರಿಸಿದರು. ಜಾನ್ ಮೆಕಾರ್ಥಿ ರೂಪಿಸಿದ ಲಿಸ್ಪ್ ಭಾಷೆಯಲ್ಲಿ ಕ್ರಮವಿಧಿ ಮತ್ತು ದತ್ತಾಂಶಗಳೆರಡಕ್ಕೂ ಒಂದೇ ರೂಪವಿದ್ದುದರಿಂದ ಇಂಥ ಬೆಳವಣಿಗೆ ಸಹಜವಾಯಿತು. 1969ರಲ್ಲಿ ಬೋಸ್ಟನ್ನಿನಲ್ಲಿ, 1971ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ವಿಸ್ತರಣಶೀಲ ಭಾಷೆಗಳ ಬಗ್ಗೆಯೇ ವಿಚಾರಸಂಕಿರಣಗಳು ನಡೆದವು. ಆದರೆ ಆ ಉತ್ಸಾಹ ಎಪ್ಪತ್ತರ ದಶಕದಲ್ಲಿಯೇ ತಗ್ಗಿತು. ಭಾಷೆಯನ್ನು ಬೆಳೆಸುವುದು ಅದನ್ನು ಕಟ್ಟಿದವರಷ್ಟೇ ಪರಿಣತಿಯನ್ನು ಬೇಡುತ್ತಿತ್ತು. ಪ್ರತಿಯೊಬ್ಬರೂ ತಮಗೆ ಬೇಕಾದಂತೆ ಬೆಳೆಸಿಕೊಂಡರೆ ಒಬ್ಬರ ಬರೆಹ ಇನ್ನೊಬ್ಬರಿಗೆ ತಿಳಿಯದಂತಾಗುವ ಅಪಾಯವೂ ಇತ್ತು.

ಪಠ್ಯದ ಕ್ಷೇತ್ರದಲ್ಲಿ ಇದೇ ಚಿಂತನೆ ಬೇರೆ ದಾರಿಯಲ್ಲಿ ಬಂದಿತು. ವಿಲಿಯಂ ಟನಿಕ್ಲಿಫ್ 1967ರಲ್ಲಿ, ಬರೆಹದ ವಿಷಯವನ್ನು ಅದರ ಮುದ್ರಣರೂಪದಿಂದ ಬೇರ್ಪಡಿಸಬೇಕೆಂದು ಪ್ರತಿಪಾದಿಸಿದರು. 'ದಪ್ಪ ಅಕ್ಷರ' ಎಂದು ಗುರುತಿಸುವ ಬದಲು 'ಶೀರ್ಷಿಕೆ' ಎಂದು ಗುರುತಿಸಿದರೆ, ಅದನ್ನು ಹೇಗೆ ಅಚ್ಚುಮಾಡಬೇಕೆಂಬುದನ್ನು ಅನಂತರ ತೀರ್ಮಾನಿಸಬಹುದು. ಐಬಿಎಂ ಸಂಸ್ಥೆಯಲ್ಲಿ ಕಾನೂನು ದಾಖಲೆಗಳ ಕೆಲಸಕ್ಕಾಗಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ 1969ರಲ್ಲಿ ರೂಪಿಸಿದ ಜಿಎಂಎಲ್ ಈ ತತ್ತ್ವವನ್ನು ಕಾರ್ಯರೂಪಕ್ಕೆ ತಂದಿತು; ಆ ಹೆಸರಿನಲ್ಲಿ ಮೂವರ ಆದ್ಯಕ್ಷರಗಳೂ ಇವೆ. ಇದರ ಮುಂದುವರಿಕೆಯಾದ ಎಸ್‌ಜಿಎಂಎಲ್ 1986ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಅದು ನಿರ್ದಿಷ್ಟ ಗುರುತುಗಳ ಪಟ್ಟಿಯನ್ನು ಕೊಡಲಿಲ್ಲ, ಗುರುತುಗಳನ್ನು ರಚಿಸಿಕೊಳ್ಳುವ ವ್ಯಾಕರಣವನ್ನು ಕೊಟ್ಟಿತು.

ಮಾನವಿಕ ಅಧ್ಯಯನಗಳ ವಿದ್ವಾಂಸರು ಈ ವ್ಯಾಕರಣದ ಮಹತ್ತ್ವವನ್ನು ಬೇಗನೆ ಗ್ರಹಿಸಿದರು. 1987ರ ನವೆಂಬರಿನಲ್ಲಿ ಅಮೆರಿಕದ ವಾಸರ್ ಕಾಲೇಜಿನಲ್ಲಿ ನಡೆದ ಸಭೆಯಿಂದ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್, ಅಂದರೆ ಟಿಇಐ, ಮೊದಲಾಯಿತು. ಹಸ್ತಪ್ರತಿ, ನಾಟಕ, ಕಾವ್ಯ, ನಿಘಂಟುಗಳನ್ನು ಗಣಕದಲ್ಲಿ ದಾಖಲಿಸುವ ಸಮಾನ ಸೂತ್ರಗಳನ್ನು ಅದು ರೂಪಿಸಿತು. ಅದರ ಸಂಪಾದಕರಲ್ಲಿ ಒಬ್ಬರಾದ ಮೈಕೆಲ್ ಸ್ಪರ್ಬರ್ಗ್-ಮೆಕ್ವೀನ್ ಅವರೇ 1998ರ ಫೆಬ್ರವರಿ 10ರಂದು ಪ್ರಕಟವಾದ ಎಕ್ಸ್‌ಎಂಎಲ್ ಮಾನಕದ ಮೂವರು ಸಂಪಾದಕರಲ್ಲೂ ಒಬ್ಬರು. ಎಕ್ಸ್‌ಎಂಎಲ್ ಎಂಬ ಹೆಸರಿನ ಮೊದಲ ಪದವೇ 'ವಿಸ್ತರಣಶೀಲ' ಎಂಬುದು. ಅದೇ 1998ರಲ್ಲಿ ಗೈ ಸ್ಟೀಲ್ ಅವರು ಭಾಷೆಯೊಂದು ಬಳಕೆದಾರರ ಕೈಯಲ್ಲಿ ಬೆಳೆಯುವಂತೆ ರೂಪುಗೊಳ್ಳಬೇಕೆಂದು ಒಂದು ಉಪನ್ಯಾಸದಲ್ಲಿ ವಾದಿಸಿದರು. ಏಕಾಕ್ಷರಿ ಇಂಗ್ಲಿಷ್ ಪದಗಳಿಂದ ಮಾತನ್ನು ಆರಂಭಿಸಿ, ಅದಕ್ಕಿಂತ ದೊಡ್ಡ ಪದ ಬೇಕಾದಾಗಲೆಲ್ಲ ಮೊದಲು ಅದರ ನಿರೂಪಣೆ ನೀಡಿ ಆಮೇಲೆ ಬಳಸಿದ್ದು ಆ ಉಪನ್ಯಾಸದ ವೈಶಿಷ್ಟ್ಯ. ಹೊಸ ಪದವನ್ನು ತರಬಹುದು, ಆದರೆ ಅದರ ಅರ್ಥವನ್ನು ಎಲ್ಲರಿಗೂ ತಿಳಿಸಿ ತರಬೇಕು ಎಂಬುದೇ ಅದರ ತಾತ್ಪರ್ಯ. ಹಿಂದಿನ ತಲೆಮಾರಿನ ಸೋಲಿಗೆ ಇದು ಉತ್ತರವಾಗಿತ್ತು.

ಕಲ್ಲಿನ ಮೇಲೆ ಗುರುತು

ಶಾಸನಶಾಸ್ತ್ರದಲ್ಲಿ ಇದರ ಅಗತ್ಯ ಮೊದಲು ಆವರಣಚಿಹ್ನೆಗಳ ವಿಷಯದಲ್ಲಿ ಕಾಣಿಸಿತು. ಗ್ರೀಕ್ ಮತ್ತು ಲ್ಯಾಟಿನ್ ಶಾಸನಗಳ ಸಂಪಾದಕರು 1931ರಲ್ಲಿ ಒಪ್ಪಿದ ಲೈಡನ್ ಕ್ರಮದಲ್ಲಿ ಚೌಕಾವರಣದ ಒಳಗಿನ ಅಕ್ಷರ ಕಲ್ಲಿನಿಂದ ಅಳಿದುಹೋಗಿದ್ದು ಸಂಪಾದಕರು ತುಂಬಿದ್ದು. 'ಎಪಿಗ್ರಾಫಿಯ ಇಂಡಿಕಾ'ದ ಪರಂಪರೆಯಲ್ಲಿ ಅದೇ ಚೌಕಾವರಣ ಕಲ್ಲಿನಲ್ಲಿ ಇದ್ದೂ ಅಸ್ಪಷ್ಟವಾದ ಅಕ್ಷರವನ್ನು ಸೂಚಿಸುತ್ತದೆ. ತುಂಬಿದ ಅಕ್ಷರಕ್ಕೆ ಜೊತೆಯಲ್ಲಿ ನಕ್ಷತ್ರಚಿಹ್ನೆ ಇರುತ್ತದೆ. ಒಂದೇ ಚಿಹ್ನೆಗೆ ಎರಡು ಅರ್ಥ. ಗುರುತುಭಾಷೆಯಲ್ಲಿ ಚಿಹ್ನೆಯ ಬದಲು ಅರ್ಥವನ್ನೇ ಬರೆಯಲಾಗುತ್ತದೆ: 'ಅಸ್ಪಷ್ಟ', 'ಅಳಿದದ್ದು', 'ಪೂರಿಸಿದ್ದು'. ಟಾಮ್ ಎಲಿಯಟ್ ಮೊದಲಾದವರು ತೊಂಬತ್ತರ ದಶಕದ ಕೊನೆಯಲ್ಲಿ ಟಿಇಐ ಸೂತ್ರಗಳನ್ನು ಶಾಸನಗಳಿಗೆ ಅಳವಡಿಸಿ ಎಪಿಡಾಕ್ ಎಂಬ ಕ್ರಮವನ್ನು ಕಟ್ಟಿದರು. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಶಾಸನಗಳಿಗಾಗಿ 2019ರಲ್ಲಿ ಯುರೋಪಿನಲ್ಲಿ ಆರಂಭವಾದ 'ಧರ್ಮ' ಯೋಜನೆ ಇದೇ ಕ್ರಮವನ್ನು ಅನುಸರಿಸಿದೆ.

ರಾಯದುರ್ಗ–ಮಡಕಶಿರಗಳಿಗೆ ಇದರಿಂದ ದೊರೆಯುವುದೇನು? ಮೊದಲನೆಯದು, ಭಾಷೆಯ ಗುರುತು ಇಡೀ ಕಲ್ಲಿಗೆ ಅಂಟಬೇಕಾಗಿಲ್ಲ. ಈ ಭಾಗದ ಜೈನ ಶಾಸನಗಳಲ್ಲಿ ಸಂಸ್ಕೃತದ ಮಂಗಳಶ್ಲೋಕ, ಕನ್ನಡದ ವೃತ್ತಾಂತ, ಮತ್ತೆ ಸಂಸ್ಕೃತದ ಶಾಪಾಶಯ ಒಟ್ಟಾಗಿ ಬರುವುದು ಸಾಮಾನ್ಯ. ಎಕ್ಸ್‌ಎಂಎಲ್‌ನಲ್ಲಿ ಪ್ರತಿಯೊಂದು ಸಾಲಿಗೂ, ಬೇಕಾದರೆ ಪ್ರತಿಯೊಂದು ಪದಕ್ಕೂ ಭಾಷೆಯನ್ನು ಬೇರೆ ಬೇರೆಯಾಗಿ ಸೂಚಿಸಬಹುದು. ಭಾಷೆಯ ಸಂಕೇತದ ಜೊತೆಗೆ ಲಿಪಿಯ ಸಂಕೇತವನ್ನೂ ಕೊಡಬಹುದು. 'ಕನ್ನಡ ಲಿಪಿಯ ಸಂಸ್ಕೃತ' ಎಂಬುದು ಆಗ ಸ್ಪಷ್ಟ ದಾಖಲೆಯಾಗುತ್ತದೆ. ಶಾಸನ ಯಾರದು ಎಂಬ ವಿವಾದಕ್ಕಿಂತ, ಅದರ ಯಾವ ಮಾತು ಯಾವ ಭಾಷೆಯದು ಎಂಬ ವಿವರ ಹೆಚ್ಚು ಉಪಯುಕ್ತ.

ಎರಡನೆಯದು, ಊರಿಗೆ ಸ್ಥಿರವಾದ ಒಂದು ಗುರುತನ್ನು ಕೊಟ್ಟು ಹೆಸರು, ತಾಲೂಕು, ಜಿಲ್ಲೆಗಳನ್ನು ಕಾಲದೊಂದಿಗೆ ಬದಲಾಗುವ ವಿವರಗಳಾಗಿ ಇಡಬಹುದು. ‹ಊರು›ಹೆಂಜೇರು‹/ಊರು› ಎಂದು ಬರೆದು ಪೆಂಜೇಱು ಮತ್ತು ಹೇಮಾವತಿಗಳನ್ನು ಅದೇ ಗುರುತಿಗೆ ಜೋಡಿಸಬಹುದು. ರಾಯದುರ್ಗಕ್ಕೆ '1953ರವರೆಗೆ ಬಳ್ಳಾರಿ, ಅನಂತರ ಅನಂತಪುರ' ಎಂದು ಬರೆದರೆ, ಯಾವ ಕಾಲದ ವಿಳಾಸದಿಂದ ಹುಡುಕಿದರೂ ಅದೇ ಕಲ್ಲು ದೊರೆಯುತ್ತದೆ.

ಮೂರನೆಯದು, ನಾಡಿನ ಸ್ವಂತ ವರ್ಗೀಕರಣಕ್ಕೆ ಅವಕಾಶ. ಅಮರಾಪುರಂನ 1278ರ ಶಾಸನದಲ್ಲಿ ಮಲ್ಲಿಸೆಟ್ಟಿಯು ತಮ್ಮಡಹಳ್ಳಿಯ 2,000 ಅಡಕೆಮರಗಳನ್ನು ಬಸದಿಗೆ ದಾನವಾಗಿ ಕೊಟ್ಟ ಸಂಗತಿಯಿದೆ. ನೊಳಂಬ–ಗಂಗರ ಸೀಮೆಯ ಅನೇಕ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ ಬಿಟ್ಟ 'ಬಿತ್ತುವಟ್ಟ'ದ ಉಲ್ಲೇಖವಿದೆ. ಇವೆರಡಕ್ಕೂ 'ದಾನ' ಎಂಬ ಒಂದೇ ಗುರುತನ್ನು ಹಾಕಿದರೆ ತೋಟಗಾರಿಕೆಯ ಚರಿತ್ರೆಯೂ ಕೆರೆಗಳ ಚರಿತ್ರೆಯೂ ಮರೆಯಾಗುತ್ತವೆ. ಯುರೋಪಿನ ಪಟ್ಟಿಯಲ್ಲಿ ಬಿತ್ತುವಟ್ಟಕ್ಕೆ ಸಮನಾದ ಪದವನ್ನು ಅರಸುತ್ತ ಕೂರಬೇಕಾಗಿಲ್ಲ. ಅದನ್ನೇ ಗುರುತಾಗಿ ಸೇರಿಸಿ ಅರ್ಥವನ್ನು ನಿರೂಪಿಸಿದರೆ ಸಾಕು. ರಾಯದುರ್ಗದ ನಿಷಿಧಿ ಶಾಸನವೊಂದರಲ್ಲಿ ಮೂಲಸಂಘದ ಚಂದ್ರಭೂತಿಯ ಹೆಸರೂ ಯಾಪನೀಯ ಸಂಘದ ಚಂದ್ರೇಂದ್ರ, ಬಾದಯ್ಯ, ತಮ್ಮಣ್ಣರ ಹೆಸರುಗಳೂ ಒಟ್ಟಿಗೆ ಇವೆ. ಪ್ರತಿ ಹೆಸರಿಗೂ ಅದರ ಸಂಘವನ್ನು ಜೋಡಿಸಿದರೆ, ಯಾಪನೀಯರಂಥ ಕಣ್ಮರೆಯಾದ ಪಂಥದ ನೆಲೆಗಳನ್ನು ಊರಿನಿಂದ ಊರಿಗೆ ಹಿಂಬಾಲಿಸಲು ಸಾಧ್ಯವಾಗುತ್ತದೆ.

ಅಕ್ಷರದ ಹೆಸರು

ಗುರುತುಗಳಿಗಿಂತ ಕೆಳಗಿನ ಸ್ತರದಲ್ಲಿ ಅಕ್ಷರಗಳಿವೆ. ಹೇಮಾವತಿಯ ಸ್ತಂಭಶಾಸನ ಕೊಡುವ ನೊಳಂಬ ವಂಶಾವಳಿಯಲ್ಲಿ ಪೊೞಲ್ಚೋರನೆಂಬ ಅರಸನ ಹೆಸರಿದೆ. ಪಟ್ಟಣ ಎಂಬ ಅರ್ಥದ 'ಪೊೞಲ್' ಶಬ್ದದ ೞಕಾರವನ್ನು ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಬೇರೆ ಳಕಾರಗಳಿಂದ ಎಚ್ಚರಿಕೆಯಿಂದ ಬೇರ್ಪಡಿಸಿದ್ದಾನೆ. ಯೂನಿಕೋಡಿನಲ್ಲಿ ಈ ಅಕ್ಷರಕ್ಕೆ ಸ್ಥಾನವಿದೆ, ಆದರೆ ಅದರ ಅಧಿಕೃತ ಹೆಸರು 'ಕನ್ನಡ ಅಕ್ಷರ ಫ' ಎಂದಿದೆ. ದೇವನಾಗರಿಯ ವಿಭಾಗದಲ್ಲಿ ಇದಕ್ಕೆ ಸಮಾನಾಂತರವಾದ ಮನೆ ನುಕ್ತಾ ಸಹಿತವಾದ ಫಕಾರದ್ದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ, ತಪ್ಪು ಹೆಸರು ಹಾಗೆಯೇ ಉಳಿದು ಪಕ್ಕದಲ್ಲಿ ಸರಿಯಾದ ಪರ್ಯಾಯನಾಮ ಸೇರಿದೆ. ಕಲ್ಲಿನಲ್ಲಿ ಕೊರೆದ ತಪ್ಪಿನ ವಿಷಯದಲ್ಲಿಯೂ ಸಂಪಾದಕರು ಮಾಡುವುದು ಇದನ್ನೇ: ಮೂಲವನ್ನು ತಿದ್ದದೆ ಪಕ್ಕದಲ್ಲಿ ಶುದ್ಧರೂಪವನ್ನು ಕಾಣಿಸುವುದು.

ಕನ್ನಡ ಮತ್ತು ತೆಲುಗು ಲಿಪಿಗಳು ಶತಮಾನಗಳ ಕಾಲ ಒಂದೇ ಆಗಿದ್ದವು. ಯೂನಿಕೋಡಿನಲ್ಲಿ ಅವು ಎರಡು ವಿಭಾಗಗಳು. ತೆಲುಗಿನ ವಿಭಾಗಕ್ಕೆ ೞಕಾರ ಸೇರಿದ್ದು 2014ರಲ್ಲಿ. ಹಳೆಯ ಬರೆಹಗಳಲ್ಲಿ ಸ್ವರವಿಲ್ಲದ ನಕಾರವನ್ನು ಸೂಚಿಸುವ ನಕಾರಪೊಲ್ಲು ಎರಡೂ ವಿಭಾಗಗಳಿಗೆ 2021ರಲ್ಲಿ ಸೇರಿತು. ಎಕ್ಸ್‌ಎಂಎಲ್‌ನ ಗುರುತುಗಳ ಹೆಸರನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ಅದರ ಮೊದಲ ಆವೃತ್ತಿಗಳು ಹೆಸರಿನಲ್ಲಿ ಬರಬಹುದಾದ ಅಕ್ಷರಗಳನ್ನು ಪಟ್ಟಿಮಾಡಿದ್ದವು; ಆ ಪಟ್ಟಿ ಸಿದ್ಧವಾದ ಮೇಲೆ ಯೂನಿಕೋಡಿಗೆ ಬಂದ ಅಕ್ಷರಗಳಿಗೆ ಅಲ್ಲಿ ಎಡೆಯಿರಲಿಲ್ಲ. 2008ರ ಐದನೆಯ ಆವೃತ್ತಿ ಈ ಕ್ರಮವನ್ನು ತಿರುಗಿಸಿ, ನಿಷೇಧಿಸದ ಅಕ್ಷರಗಳೆಲ್ಲ ಬರಬಹುದೆಂದು ಒಪ್ಪಿತು. ಇಲ್ಲದವರನ್ನೂ ಮುಂದೆ ಬರುವವರೆಂದು ಭಾವಿಸಿ ಜಾಗ ಬಿಡುವುದು ವಿಸ್ತರಣಶೀಲತೆಯ ನಿಜವಾದ ಪರೀಕ್ಷೆ. ಚಿಕ್ಕ ಭಾಷಾಸಮುದಾಯಗಳ ಮಟ್ಟಿಗೆ ಇದು ತಾಂತ್ರಿಕ ಸೂಕ್ಷ್ಮ ಮಾತ್ರವಲ್ಲ; ಅವುಗಳ ಅಕ್ಷರಗಳು ಬಹುಪಾಲು ತಡವಾಗಿಯೇ ಬರುತ್ತವೆ.

ಹೆಸರಿಡುವ ಹಕ್ಕು, ಹೊಣೆ

ಬೆಳೆಸಬಲ್ಲ ಭಾಷೆ ತಾನಾಗಿಯೇ ನ್ಯಾಯವನ್ನು ಒದಗಿಸುವುದಿಲ್ಲ. ಒಂದು ಸಂಸ್ಥೆ 'ಊರು' ಎಂದೂ ಇನ್ನೊಂದು 'ಗ್ರಾಮ' ಎಂದೂ ಮತ್ತೊಂದು 'ಸ್ಥಳ' ಎಂದೂ ಗುರುತಿಸಿ ಪರಸ್ಪರ ತಿಳಿಸದೆ ಹೋದರೆ, ಎಪ್ಪತ್ತರ ದಶಕದ ವಿಸ್ತರಣಶೀಲ ಭಾಷೆಗಳ ಕಥೆ ಇಲ್ಲಿಯೂ ಮರುಕಳಿಸುತ್ತದೆ. ಟಿಇಐ ಕಂಡುಕೊಂಡ ಮಾರ್ಗ ಸಾಮಾನ್ಯ ತಿರುಳೊಂದನ್ನು ಉಳಿಸಿಕೊಂಡು, ಸೇರಿಸಿದ ಪ್ರತಿಯೊಂದು ಗುರುತನ್ನೂ ವಿವರಣೆಯೊಂದಿಗೆ ಪ್ರಕಟಿಸುವುದು. ಗಡಿಯ ಎರಡೂ ಬದಿಗಳಲ್ಲಿ, ಎರಡು ರಾಜ್ಯಗಳಲ್ಲಿ, ಎರಡು ಭಾಷೆಗಳಲ್ಲಿ ಕೆಲಸಮಾಡುವವರಿಗೆ ಈ ಶಿಸ್ತು ಅನಿವಾರ್ಯ. ತೆಲುಗು ಸಂಶೋಧಕರು ಹಾಕಿದ ಗುರುತನ್ನು ಕನ್ನಡ ಸಂಶೋಧಕರೂ, ಕನ್ನಡದವರು ಹಾಕಿದ್ದನ್ನು ತೆಲುಗಿನವರೂ ಓದುವಂತಿರಬೇಕು.

ಮುದ್ರಿತ ಸಂಪುಟಗಳ ಕಾಲದಲ್ಲಿ ಶಾಸನವನ್ನು ಯಾವ ಶೀರ್ಷಿಕೆಯಡಿ ಇಡಬೇಕೆಂಬ ನಿರ್ಧಾರ ಮದರಾಸಿನಲ್ಲಿ ಆಗುತ್ತಿತ್ತು. ಗುರುತುಭಾಷೆಯ ಕಾಲದಲ್ಲಿ ಆ ನಿರ್ಧಾರ ಮತ್ತೆ ದೂರದ ಯಾವುದೋ ಕೇಂದ್ರದಲ್ಲಿಯೇ ಆಗಬೇಕೆಂದಿಲ್ಲ. ಹೇಮಾವತಿಯ ಹೊಲ, ಕೆರೆ, ಗುಡಿಗಳನ್ನು ಅಲ್ಲಿಯ ಜನ ಇಂದು ಯಾವ ಹೆಸರಿನಿಂದ ಕರೆಯುತ್ತಾರೆಂಬುದು ಶಾಸನದಲ್ಲಿ ಬರುವ ಎಲ್ಲೆಕಟ್ಟುಗಳನ್ನು ಗುರುತಿಸಲು ಬೇಕಾದ ಸಾಕ್ಷ್ಯ. ರಾಯದುರ್ಗ, ಮಡಕಶಿರಗಳ ಕನ್ನಡ ಶಾಲೆಗಳ ಮಕ್ಕಳಿಗೆ ಆ ಹೆಸರುಗಳು ಗೊತ್ತಿವೆ. ಅವು ಕಲ್ಲಿನ ಪಾಠದ ಪಕ್ಕದಲ್ಲಿ ದಾಖಲಾಗಲು ಬೇಕಾದ ಭಾಷೆ ಸಿದ್ಧವಾಗಿ ಕಾಲು ಶತಮಾನಕ್ಕೂ ಮಿಕ್ಕಿದೆ. ಜಿಲ್ಲೆಯ ಹೆಸರು ಮುಂದೆ ಮತ್ತೊಮ್ಮೆ ಬದಲಾದರೂ, ಕಲ್ಲು ತನ್ನ ಊರಿನವರಿಗೆ ಸಿಗುವಂತಿರಬೇಕಾದರೆ ಆ ಹೆಸರುಗಳನ್ನು ಬರೆದಿಡುವ ಕೆಲಸ ಆ ಊರುಗಳಿಂದಲೇ ಮೊದಲಾಗಬೇಕು.